ವಿಂಡೋಸ್ 11ಕ್ಕೆ ಹೋಗುವ ಮುಂಚೆ ಒಂದು ಲಗ್ನಪತ್ರಿಕೆ ಪ್ರಿಂಟ್ ತೆಗೆದಿಡಿ

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಇನ್ವರ್ಟರ್. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಬಿಲ್ ಬುಕ್, ಗೃಹಪ್ರವೇಶದ ಕಾರ್ಡ್ ಮಾಡುತ್ತೇನೆ. ಅಕ್ಷರ ಜೋಡಿಸಿ, ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಕೊಡುವುದು ನನ್ನ ಕೆಲಸ. ಅಲ್ಲಿಂದ ಮುಂದಿನದು ಪ್ರೆಸ್ಸಿನವರದು. ಗದಗ-ಬೆಟಗೇರಿಯಲ್ಲಿ ಪ್ರೆಸ್ಸಿಗೆ ಕೊರತೆ ಇಲ್ಲ, ಹಾಗಾಗಿ ಹದಿನೆಂಟು ವರ್ಷದಿಂದ ಈ ಕೀಬೋರ್ಡ್ ಮುಂದೆಯೇ ಕೂತಿದ್ದೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಂತ ಕಂಪ್ಯೂಟರ್ ನಿಲ್ಲುವುದಿಲ್ಲ, ಅದು ಮೊದಲಿನ ಹಾಗೇ ಓಡುತ್ತದೆ. ಆದರೆ ಹೊಸದಾಗಿ ಸಿಕ್ಕ ಕಳ್ಳದಾರಿಗಳನ್ನು ಮುಚ್ಚುವ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ನನ್ನ ಅಂಗಡಿಗೆ ದಿನಾ ಏಳೆಂಟು ಜನರ ಪೆನ್ ಡ್ರೈವ್ ಬರುತ್ತದೆ. ಅದರೊಳಗೆ ಏನಿದೆ ಅಂತ ತಂದವರಿಗೇ ಗೊತ್ತಿರುವುದಿಲ್ಲ. ನೂರಾರು ಮನೆಗಳ ಹೆಸರು, ಫೋನ್ ನಂಬರ್, ಫೋಟೋ ನನ್ನ ಕಂಪ್ಯೂಟರ್‌ನಲ್ಲಿವೆ. ಅದಕ್ಕೇ ಬದಲಾಯಿಸಲೇಬೇಕು ಅಂತ ನಿರ್ಧಾರ ಮಾಡಿದೆ.

ಯಾವಾಗ ಮಾಡಬೇಕು ಅನ್ನುವುದು ಮೊದಲ ಪ್ರಶ್ನೆ. ನಾನು ಧನುರ್ಮಾಸ ಆರಿಸಿಕೊಂಡೆ. ಕ್ಯಾಲೆಂಡರ್ ಕೆಲಸ ಆಗಲೇ ಮುಗಿದಿರುತ್ತದೆ, ಲಗ್ನಗಳು ಕಡಿಮೆ. ಸಂಕ್ರಾಂತಿ ದಾಟಿದರೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಆಷಾಢ ಕೂಡ ಒಳ್ಳೆಯ ಸಮಯ. ಕೈಯಲ್ಲಿ ನಾಲ್ಕು ಪತ್ರಿಕೆ ಇಟ್ಟುಕೊಂಡು ಸೀಸನ್ನಿನಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಎರಡನೆಯ ಪ್ರಶ್ನೆ ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಹಿಡಿಸುತ್ತದೆಯೇ ಅನ್ನುವುದು. ಪಿಸಿ ಹೆಲ್ತ್ ಚೆಕ್ ಅಂತ ಮೈಕ್ರೋಸಾಫ್ಟ್‌ನದೇ ಒಂದು ಸಣ್ಣ ಪ್ರೋಗ್ರಾಂ ಇದೆ, ಅದು ಹೇಳುತ್ತದೆ. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು. ಟಿಪಿಎಂ ಇಲ್ಲ ಅಂತ ಬಂದರೆ ತಕ್ಷಣ ಕೈಬಿಡಬೇಡಿ. ಎಷ್ಟೋ ಕಡೆ ಅದು ಇರುತ್ತದೆ, ಆದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ ಅಂತ, ಎಎಂಡಿ ಬೋರ್ಡ್‌ನಲ್ಲಿ ಎಫ್‌ಟಿಪಿಎಂ ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಆಯಿತು. ನನ್ನ ಒಂದು ಕಂಪ್ಯೂಟರ್ 8ನೇ ತಲೆಮಾರಿನ ಐ3, ಅದು ಪಾಸಾಯಿತು. ಇನ್ನೊಂದು ಹಳೆಯದು, ಅದರ ಕಥೆ ಕೊನೆಗೆ ಹೇಳುತ್ತೇನೆ.

ನಮ್ಮ ಕೆಲಸದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನ ಅಬೌಟ್‌ಗೆ ಹೋಗಿ ಈಗಿನ ವಿಂಡೋಸ್ 32 ಬಿಟ್ಟೋ (ಹಳೆಯ ಬಗೆ) 64 ಬಿಟ್ಟೋ (ಈಗಿನ ಬಗೆ) ನೋಡಿ. ಹಳೆಯ ಪ್ರಿಂಟರ್, ಕನ್ನಡ ಟೈಪ್ ಮಾಡುವ ಶ್ರೀಲಿಪಿ ತಂತ್ರಾಂಶದ ಹಳೆಯ ಡಾಂಗಲ್ (ಅದನ್ನು ತೆರೆಯಲು ಕಂಪ್ಯೂಟರ್‌ಗೆ ಚುಚ್ಚುವ ಬೀಗದ ಕೀಲಿ) ನಡೆಯಲಿ ಅಂತ ಪ್ರೆಸ್ಸುಗಳಲ್ಲಿ 32 ಬಿಟ್ ಹಾಕಿಸಿಕೊಂಡವರು ಬಹಳ ಜನ ಇದ್ದಾರೆ. ನನ್ನದೂ ಹಾಗೇ ಇತ್ತು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ. ಪುಟ ಜೋಡಿಸುವ ಪೇಜ್‌ಮೇಕರ್‌ನಂಥ 32 ಬಿಟ್ ಪ್ರೋಗ್ರಾಂ ಅದರಲ್ಲಿ ಓಡಬಲ್ಲದು, ಆದರೆ ಪ್ರಿಂಟರ್‌ನಂಥ ಯಂತ್ರಗಳನ್ನು ನಡೆಸುವ 32 ಬಿಟ್ ಡ್ರೈವರ್ ಓಡುವುದಿಲ್ಲ. ಅಂದರೆ ಪ್ರಿಂಟರ್‌ಗೂ ಡಾಂಗಲ್‌ಗೂ 64 ಬಿಟ್ ಡ್ರೈವರ್ ಬೇಕೇ ಬೇಕು. ಅದು ಸಿಗುತ್ತದೆ ಅಂತ ಖಾತ್ರಿ ಆದ ಮೇಲೆಯೇ ಮುಂದೆ ಹೆಜ್ಜೆ ಇಡಿ. ಇನ್ನೊಂದು ಮಾತು, 32 ಬಿಟ್ ಇದ್ದವರಿಗೆ ಇದ್ದ ಹಾಗೇ ಅಪ್‌ಗ್ರೇಡ್ ಮಾಡುವ ದಾರಿ ಇಲ್ಲ. ಮೊದಲಿನಿಂದ ಹೊಸದಾಗಿಯೇ ಹಾಕಬೇಕು.

64 ಬಿಟ್ ಇದ್ದವರು ಪುಣ್ಯವಂತರು. ಅವರ ಫಾಂಟು, ಫೈಲು, ಪ್ರೋಗ್ರಾಂ ಎಲ್ಲಾ ಉಳಿದುಕೊಂಡೇ ಅಪ್‌ಗ್ರೇಡ್ ಆಗುತ್ತದೆ. ಇಷ್ಟ ಆಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ವಾಪಸ್ ಹೋಗಬಹುದು. ಆ 10 ದಿನ ಡಿಸ್ಕ್ ಕ್ಲೀನಪ್ ಮಾಡಬೇಡಿ. ಮಾಡಿದರೆ ವಾಪಸ್ ಹೋಗುವ ದಾರಿಯೇ ಅಳಿಸಿ ಹೋಗಬಹುದು.

ನನಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ಒಂದು ಹೊಸ ಎಸ್‌ಎಸ್‌ಡಿ (ವೇಗದ ಡಿಸ್ಕ್) ತಂದೆ. ಹಳೆಯ ಡಿಸ್ಕ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಇಟ್ಟೆ. ಹೊಸದರ ಮೇಲೆ ವಿಂಡೋಸ್ 11 ಹಾಕಿಸಿದೆ. ಏನಾದರೂ ಎಡವಟ್ಟಾದರೆ ಹಳೆಯದನ್ನು ಮತ್ತೆ ಜೋಡಿಸಿದರೆ ಹತ್ತು ನಿಮಿಷದಲ್ಲಿ ಅಂಗಡಿ ಶುರು. ಈ ಒಂದು ಧೈರ್ಯಕ್ಕೇ ಎಸ್‌ಎಸ್‌ಡಿಗೆ ಕೊಟ್ಟ ದುಡ್ಡು ಸಾರ್ಥಕ. ನನ್ನ ಮಾತು ಕೇಳುವುದಾದರೆ 64 ಬಿಟ್‌ನವರೂ ಹೀಗೇ ಮಾಡಿ. ವಿಂಡೋಸ್ 10ರ ಲೈಸೆನ್ಸ್ ಸರಿಯಾಗಿದ್ದರೆ ಅದೇ 11ಕ್ಕೂ ನಡೆಯುತ್ತದೆ, ಬೇರೆ ಕೊಳ್ಳುವ ಕಾರಣ ಇಲ್ಲ.

ಡಿಸ್ಕ್ ಬಿಚ್ಚುವ ಮುಂಚೆ ಮಾಡಿದ ಕೆಲಸವೇ ಇದರಲ್ಲಿ ಮುಖ್ಯ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಕೊಂಡೆ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹ, ಶ್ರೀಲಿಪಿಯ ಫಾಂಟ್ ಎಲ್ಲಾ ಅದರಲ್ಲಿವೆ. ಹದಿನೆಂಟು ವರ್ಷದಲ್ಲಿ ಯಾವ ಫಾಂಟ್ ಎಲ್ಲಿಂದ ಬಂತು ಅಂತ ಯಾರಿಗೆ ನೆನಪಿರುತ್ತದೆ? ಸುಮ್ನೆ ಪೂರ್ತಿ ತೆಗೆದುಕೊಳ್ಳಿ.

ಆಮೇಲೆ ಒಂದು ಲಗ್ನಪತ್ರಿಕೆ ತೆರೆದು ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆದೆ. ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ಹಳೆಯದು’ ಅಂತ ಬರೆದೆ. ಲಗ್ನಪತ್ರಿಕೆಯೇ ಯಾಕೆ ಅಂದರೆ, ಕನ್ನಡ ಅಕ್ಷರಕ್ಕೆ ಅದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. ‘ಸ್ವಸ್ತಿ ಶ್ರೀಮನ್ನೃಪ ಶಾಲಿವಾಹನ ಶಕೆ 1947 ವಿಶ್ವಾವಸು ನಾಮ ಸಂವತ್ಸರ’ ಅಂತ ಶುರುವಾಗುತ್ತದೆ. ಆ ‘ನ್ನೃ’ ಒಂದರಲ್ಲೇ ಒತ್ತೂ ಇದೆ, ಅದರ ಕೆಳಗೆ ಋತ್ವವೂ ಇದೆ. ಮುಂದೆ ಜ್ಯೇಷ್ಠ, ಕನಿಷ್ಠ, ಮುಹೂರ್ತದ ಅರ್ಕಾವತ್ತು, ಚಿರಂಜೀವಿಯ ಎರಡು ಗೆರೆ, ಅಂಕಿಗಳು. ಇದು ಸರಿಯಾಗಿ ಬಂದರೆ ಹ್ಯಾಂಡ್‌ಬಿಲ್ ಬಿಲ್ ಬುಕ್ ಎಲ್ಲಾ ಸರಿಯಾಗಿಯೇ ಬರುತ್ತದೆ.

ಹಾಕುವ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಇನ್ವರ್ಟರ್ ಪೂರ್ತಿ ಚಾರ್ಜ್ ಆಗಿರಲಿ, ಅಷ್ಟೇ. ಶುರುವಿನಲ್ಲಿ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಅಂಗಡಿಗೆ ಅಂತಲೇ ಒಂದು ಬೇರೆ ಖಾತೆ ಮಾಡಿ, ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈಗಿನ ವಿಂಡೋಸ್ 11ನ್ನು ಹೊಸದಾಗಿ ಹಾಕಿದಾಗ ಡಿಸ್ಕ್ ತಾನಾಗಿಯೇ ಲಾಕ್ ಆಗಬಹುದು. ಅದಕ್ಕೆ 48 ಅಂಕಿಯ ಒಂದು ರಿಕವರಿ ಕೀ ಇರುತ್ತದೆ, ಅದೇ ಖಾತೆಯಲ್ಲಿ ಸಿಗುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಫೈಲ್‌ಗಳನ್ನು ಒನ್‌ಡ್ರೈವ್‌ಗೆ (ಇಂಟರ್ನೆಟ್ ಮೇಲಿನ ಮೈಕ್ರೋಸಾಫ್ಟ್‌ನ ಜಾಗ) ಬ್ಯಾಕಪ್ ಮಾಡಲೇ ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡಿ. ಹೌದು ಅಂದರೆ ಡೆಸ್ಕ್‌ಟಾಪಿನ ವಿಳಾಸವೇ ಬದಲಾಗುತ್ತದೆ. ಆಗ ಪೇಜ್‌ಮೇಕರ್ ಫೈಲಿಗೆ ಲಿಂಕ್ ಮಾಡಿದ ಫೋಟೋಗಳು ಸಿಗದೇ ಹೋಗಬಹುದು. ಉಚಿತ ಜಾಗವೂ 5 ಜಿಬಿ ಮಾತ್ರ. ನಾನು ಬೇಡ ಅಂದೆ. ಕೆಲಸದ ಫೈಲೆಲ್ಲಾ ಡಿ ಡ್ರೈವ್‌ನಲ್ಲಿ, ವರ್ಷಕ್ಕೊಂದು ಫೋಲ್ಡರ್.

ಮರುದಿನ ಬೆಳಿಗ್ಗೆ ಕೂತಾಗ ಮೊದಲು ಕಣ್ಣಿಗೆ ಬಿದ್ದಿದ್ದು ನಡುವೆ ಬಂದು ಕೂತ ಸ್ಟಾರ್ಟ್ ಬಟನ್. ಕೈ ತಾನಾಗಿಯೇ ಎಡ ಮೂಲೆಗೆ ಹೋಗುತ್ತಿತ್ತು. ಮಗಳು ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅಲೈನ್‌ಮೆಂಟನ್ನು ಲೆಫ್ಟ್ ಅಂತ ಮಾಡಿಕೊಟ್ಟಳು, ಆ ಸಮಸ್ಯೆ ಅಲ್ಲಿಗೆ ಮುಗಿಯಿತು. ರೈಟ್ ಕ್ಲಿಕ್ ಮಾಡಿದರೆ ಬರುವ ಮೆನು ಚಿಕ್ಕದಾಗಿದೆ. ಕಟ್, ಕಾಪಿ ಎಲ್ಲಾ ಮೇಲೆ ಸಣ್ಣ ಚಿತ್ರಗಳಾಗಿವೆ. ಹಳೆಯ ಉದ್ದನೆಯ ಮೆನು ಬೇಕೆಂದರೆ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ. ವರ್ಡ್‌ಪ್ಯಾಡ್ ಈಗ ಇಲ್ಲ. ಅದರಲ್ಲಿ ಮ್ಯಾಟರ್ ಉಳಿಸಿಕೊಂಡವರು ಲಿಬ್ರೆ ಆಫೀಸ್ ಹಾಕಿಕೊಂಡರೆ ಆ ಫೈಲ್ ತೆರೆಯುತ್ತವೆ.

ನಿಜವಾದ ಕೆಲಸ ಫಾಂಟ್ ಹಾಕುವಾಗ ಶುರುವಾಯಿತು. ನಾನು ಎಂದಿನಂತೆ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ವರ್ಡ್‌ನಲ್ಲಿ ಫಾಂಟ್ ಬಂತು, ಪೇಜ್‌ಮೇಕರ್‌ನ ಪಟ್ಟಿಯಲ್ಲಿ ಇಲ್ಲ. ಕಾರಣ ಏನೆಂದರೆ, ಹೀಗೆ ಹಾಕಿದ ಫಾಂಟ್ ಆ ಒಬ್ಬ ಬಳಕೆದಾರರ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಕೆಲವು ಹಳೆಯ ಪ್ರೋಗ್ರಾಂಗಳು ಅಲ್ಲಿ ಹುಡುಕುವುದಿಲ್ಲ. ಎಲ್ಲಾ ಫಾಂಟುಗಳನ್ನು ಒಟ್ಟಿಗೆ ಆರಿಸಿ, ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ಆಗ ವಿಂಡೋಸ್‌ನ ಮುಖ್ಯ ಫಾಂಟ್ಸ್ ಫೋಲ್ಡರಿಗೆ ಹೋಗುತ್ತವೆ. ಯೂನಿಕೋಡ್‌ನಲ್ಲಿ (ಮೊಬೈಲ್, ಇಂಟರ್ನೆಟ್‌ನಲ್ಲಿ ಕನ್ನಡ ಬರೆಯುವ ಪದ್ಧತಿ) ತುಂಗಾ ಫಾಂಟ್ ಬಳಸುತ್ತಿದ್ದವರಿಗೆ ಅದು ಕಾಣದೇ ಹೋದರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನ ಹುಡುಕು ಜಾಗದಲ್ಲಿ ಆಪ್ಷನಲ್ ಫೀಚರ್ಸ್ ಅಂತ ಬರೆದು, ಅಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ.

ಆಮೇಲೆ ಬಂದಿದ್ದು ನನ್ನ ಒಂದು ಪೂರ್ತಿ ದಿನ ತಿಂದ ತೊಂದರೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ನನ್ನ ಕಂಪ್ಯೂಟರ್‌ನಲ್ಲಿ ಅದನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ (ಹೆಚ್ಚಿನ ಅಧಿಕಾರ) ಕೊಟ್ಟು ತೆರೆದರೆ ಮಾತ್ರ ನೆಟ್ಟಗೆ ನಡೆಯುತ್ತದೆ. ಹಾಗೇ ತೆರೆದೆ. ನುಡಿ ಆನ್ ಮಾಡಿ, ಕನ್ನಡಕ್ಕೆ ಬದಲಾಗಲು ಸ್ಕ್ರಾಲ್ ಲಾಕ್ ಒತ್ತಿ, ಟೈಪ್ ಮಾಡಿದೆ. ‘ಶ್ರೀ’ ಬರಬೇಕಾದ ಕಡೆ ಅಕ್ಷರದ ತುಂಡುಗಳು ಬಿದ್ದವು. ಒಂದು ಕೊಂಬು, ಒಂದು ಒತ್ತು, ಒಂದಕ್ಕೊಂದು ಸಂಬಂಧ ಇಲ್ಲ. ನೋಟ್‌ಪ್ಯಾಡ್ ತೆರೆದು ನುಡಿ ಯೂನಿಕೋಡ್‌ನಲ್ಲಿ ಅದೇ ಕೀ ಒತ್ತಿದರೆ ಚೆನ್ನಾಗಿ ಕನ್ನಡ ಬರುತ್ತಿದೆ. ನುಡಿಯನ್ನು ಮೂರು ಸಲ ತೆಗೆದು ಹಾಕಿದೆ, ಫಾಂಟ್ ಬದಲಿಸಿದೆ. ಏನೂ ಆಗಲಿಲ್ಲ.

ಸಂಜೆ ಹೊತ್ತಿಗೆ ಗುಟ್ಟು ಸಿಕ್ಕಿತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರೋಗ್ರಾಂನ ಕೀಲಿಗಳನ್ನು ಸಾಮಾನ್ಯವಾಗಿ ತೆರೆದ ಪ್ರೋಗ್ರಾಂ ನಡುವೆ ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಅದೊಂದು ಕಾವಲು. ನುಡಿ ಮಾಡುವುದೇ ಆ ಕೆಲಸ ಅಲ್ವಾ? ನಾವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು, ಕೆ. ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದ ಪ್ರಕಾರ ಕನ್ನಡ ಮಾಡಿ ಮುಂದೆ ಕಳಿಸುತ್ತದೆ. ಅದನ್ನು ಹೊರಗೇ ನಿಲ್ಲಿಸಿದರೆ ಕನ್ನಡ ಎಲ್ಲಿಂದ ಬರಬೇಕು? ಪರಿಹಾರ ಸುಲಭ. ನುಡಿಯ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ‘ರನ್ ದಿಸ್ ಪ್ರೋಗ್ರಾಂ ಆ್ಯಸ್ ಆ್ಯನ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್ ಹಾಕಿ. ಎರಡೂ ಒಂದೇ ಮಟ್ಟದಲ್ಲಿ ತೆರೆದುಕೊಂಡರೆ ಸರಿ. ಬರಹ ಡೈರೆಕ್ಟ್ ಬಳಸುವವರಿಗೂ ಇದೇ ಉಪಾಯ. ‘ಶ್ರೀಮನ್ನೃಪ’ ಸರಿಯಾಗಿ ಮೂಡಿದಾಗ ನನಗಾದ ಖುಷಿ ದೊಡ್ಡದು.

ಅದೇ ಕಾವಲಿನಿಂದ ಇನ್ನೊಂದು ಬದಲಾವಣೆ ಇದೆ. ಫೋಲ್ಡರಿನಿಂದ ಫೋಟೋ ಎಳೆದು ತಂದು ಪೇಜ್‌ಮೇಕರ್‌ನಲ್ಲಿ ಬಿಟ್ಟರೆ ಈಗ ತೆಗೆದುಕೊಳ್ಳುವುದಿಲ್ಲ. ಕಂಟ್ರೋಲ್ ಡಿ ಒತ್ತಿ ಪ್ಲೇಸ್ ಮಾಡಿಕೊಳ್ಳಿ. ಸ್ಕ್ರಾಲ್ ಲಾಕ್ ಕೀ ಇಲ್ಲದ ಲ್ಯಾಪ್‌ಟಾಪ್ ಆದರೆ ಆನ್-ಸ್ಕ್ರೀನ್ ಕೀಬೋರ್ಡ್ ತೆರೆಯಿರಿ, ಅದರಲ್ಲಿ ಇದೆ.

ಈಗ ಕೊನೆಯ ಪರೀಕ್ಷೆ. ಅದೇ ಲಗ್ನಪತ್ರಿಕೆಯನ್ನು ಹೊಸ ವಿಂಡೋಸ್‌ನಿಂದ ಟ್ರೇಸಿಂಗ್ ಮೇಲೆ ಪ್ರಿಂಟ್ ತೆಗೆದೆ. ‘ಹಳೆಯದು’ ಅಂತ ಬರೆದ ಹಾಳೆಯ ಮೇಲೆ ಅದನ್ನಿಟ್ಟು ಟ್ಯೂಬ್‌ಲೈಟಿಗೆ ಹಿಡಿದೆ. ಮೇಲೆ ದೇವರ ಹೆಸರು ಕರಾರುವಾಕ್ಕಾಗಿ ಕೂತಿತ್ತು. ಕೆಳಗೆ ಬಂದ ಹಾಗೆ ಸಾಲುಗಳು ಜಾರಿದ್ದವು. ‘ಸುಖಾಗಮನ ಬಯಸುವವರು’ ಅನ್ನುವ ಸಾಲು ಆರು ಮಿಲಿಮೀಟರ್ ಮೇಲೆ ಇತ್ತು. ಅಕ್ಷರದಲ್ಲಿ ತಪ್ಪಿಲ್ಲ, ಅಳತೆ ಕುಗ್ಗಿದೆ. ಹೊಸ ಡ್ರೈವರ್‌ನಲ್ಲಿ ‘ಫಿಟ್ ಟು ಪೇಜ್’ ಆನ್ ಆಗಿತ್ತು. ಸ್ಕೇಲ್ 100 ಮಾಡಿ ಮತ್ತೆ ತೆಗೆದೆ, ಎರಡೂ ಹಾಳೆ ಒಂದೇ ಆದವು. ಬರೀ ಕಣ್ಣಿಗೆ ಇದು ಕಾಣುವಂಥದ್ದಲ್ಲ. ಪ್ರೆಸ್ಸಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್‌ನ ಜಾಲರಿ ಎಕ್ಸ್‌ಪೋಸ್ ಮಾಡಿ ಐನೂರು ಕಾರ್ಡ್ ಹೊಡೆದ ಮೇಲೆ ಗೊತ್ತಾಗಿದ್ದರೆ ಆ ಮನೆಯವರಿಗೆ ಏನು ಹೇಳುವುದು? ದಯವಿಟ್ಟು ಈ ಪರೀಕ್ಷೆ ಬಿಡಬೇಡಿ.

ಐದು ವಾರ ಬಳಸಿದ ಮೇಲೆ ಹೇಳುವುದಾದರೆ ನನಗೆ ವಿಂಡೋಸ್ 11 ಹಿಡಿಸಿದೆ. ಕಂಪ್ಯೂಟರ್ ಬೇಗ ಆನ್ ಆಗುತ್ತದೆ, ಅದರಲ್ಲಿ ಎಸ್‌ಎಸ್‌ಡಿಯ ಪಾಲೇ ಜಾಸ್ತಿ. ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಪರದೆಯನ್ನು ಭಾಗ ಮಾಡಿ ಕೊಡುತ್ತದೆ. ಒಂದು ಕಡೆ ವಾಟ್ಸ್ಯಾಪ್‌ನಲ್ಲಿ ಬಂದ ಮ್ಯಾಟರ್, ಇನ್ನೊಂದು ಕಡೆ ಪತ್ರಿಕೆ ಇಟ್ಟುಕೊಂಡು ಹೆಸರು ತಾಳೆ ನೋಡಲು ಬಹಳ ಅನುಕೂಲ. ವಾಟ್ಸ್ಯಾಪ್‌ನದು ಯೂನಿಕೋಡ್, ಪೇಜ್‌ಮೇಕರ್‌ಗೆ ಅದು ಅರ್ಥವಾಗುವುದಿಲ್ಲ, ಅದನ್ನು ನುಡಿಯ ಅಕ್ಷರಕ್ಕೆ ಬದಲಿಸುವ ಪರಿವರ್ತಕದಲ್ಲಿ ಹಾಕಿಯೇ ತರಬೇಕು. ಅದು ವಿಂಡೋಸ್ ಬದಲಾದರೂ ಬದಲಾಗಿಲ್ಲ. ಹಾಗೆ ತಂದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಬೆರಳಿಟ್ಟು ಓದಿ.

ಇನ್ನು ಹಳೆಯ ಕಂಪ್ಯೂಟರ್. ಅದು 4ನೇ ತಲೆಮಾರಿನದು, ವಿಂಡೋಸ್ 11 ಬೇಡ ಅಂತು. ಮನೆಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ. ನಾನು ಬೇರೆ ದಾರಿ ಹಿಡಿದೆ. ಅದರ ಇಂಟರ್ನೆಟ್ ವೈರ್ ತೆಗೆದೆ. ಹಳೆಯ ಡಾಂಗಲ್ ಅದಕ್ಕೇ ಚುಚ್ಚಿದೆ. ಈಗ ಅದು ಶ್ರೀಲಿಪಿಯಲ್ಲಿರುವ ಹಳೆಯ ಫೈಲ್‌ಗಳಿಗೆ ಮಾತ್ರ. ಗಿರಾಕಿಗಳ ಪೆನ್ ಡ್ರೈವ್ ಅದಕ್ಕೆ ಹಾಕುವಂತಿಲ್ಲ, ಮೊದಲು ಹೊಸ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಆಗಬೇಕು. ಎರಡರ ನಡುವೆ ಓಡಾಡಲು ಕೆಂಪು ದಾರ ಕಟ್ಟಿದ ಒಂದೇ ಒಂದು ಪೆನ್ ಡ್ರೈವ್ ಇಟ್ಟಿದ್ದೇನೆ. ಅದು ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.