ಹೈಫನ್‌ನ ಬಲಕ್ಕೆ ಏನಿದೆ? ಲಿನಕ್ಸ್ ಪ್ಯಾಕೇಜ್‌ನ ಆವೃತ್ತಿ ಸಂಖ್ಯೆ ಓದುವ ಬಗೆ

2024ರ ಜುಲೈ 1ರಂದು, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ ತಂತ್ರಾಂಶದ ಗಂಭೀರ ಭದ್ರತಾ ಲೋಪವೊಂದು ಬಯಲಾಯಿತು. ಸರಿಪಡಿಸಿದ ಆವೃತ್ತಿ 9.8. ಸುದ್ದಿ ಓದಿ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 12ನೇ ಆವೃತ್ತಿ ಇರುವ ಸರ್ವರ್ ಅಪ್‌ಡೇಟ್ ಮಾಡಿದವರಿಗೆ ಆಮೇಲೂ ಕಂಡದ್ದು 9.2! ಗಾಬರಿ ಸಹಜ. ಆದರೆ ಲೋಪ ಅಲ್ಲಿ ಆಗಲೇ ಸರಿಹೋಗಿತ್ತು. ಅದು ಗೊತ್ತಾಗಲು ಸಂಖ್ಯೆಯನ್ನು ಕೊನೆಯವರೆಗೂ ಓದಬೇಕು.

ಮೊದಲು ಟರ್ಮಿನಲ್‌ನಲ್ಲಿ 'ಆಪ್ಟ್ ಪಾಲಿಸಿ' (apt policy) ಎಂದು ಟೈಪಿಸಿ, ಮುಂದೆ ಪ್ಯಾಕೇಜ್ ಹೆಸರು ಕೊಡಿ. ಆಪ್ಟ್ ಎಂದರೆ ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಸಾಧನ. ಈಗಿರುವ ಆವೃತ್ತಿ, ಸಿಗಬಹುದಾದ ಆವೃತ್ತಿ ಎರಡೂ ಕಾಣುತ್ತವೆ. ಆಗ ಬಂದ ಪರಿಹಾರದ ಪೂರ್ಣ ಸಂಖ್ಯೆ ಹೀಗಿತ್ತು:

1:9.2ಪಿ1-2+ಡೆಬ್12ಯು3

ಈಗ ಇದನ್ನು ಬಿಡಿಸಿ. ಕೋಲನ್‌ನ ಎಡಕ್ಕಿರುವ 1 'ಎಪಾಕ್'. ಹೋಲಿಕೆಯಲ್ಲಿ ಮೊದಲು ನೋಡುವುದು ಇದನ್ನೇ. ಇಲ್ಲದಿದ್ದರೆ ಸೊನ್ನೆ ಎಂದು ಲೆಕ್ಕ. 9.2ಪಿ1 ಮೂಲ ತಂತ್ರಾಂಶ ಬರೆದವರು ಕೊಟ್ಟ ಸಂಖ್ಯೆ. ಕೊನೆಯ ಹೈಫನ್‌ನ ಬಲಕ್ಕಿರುವುದು ಡೆಬಿಯನ್‌ನವರ ಕೆಲಸ: ಅವರ ಎರಡನೇ ಪ್ಯಾಕೇಜಿಂಗ್, ಅದರ ಮೇಲೆ ಡೆಬಿಯನ್ 12ಕ್ಕೆಂದು ಮೂರನೇ ಅಪ್‌ಡೇಟ್. ಸ್ಥಿರ ಬಿಡುಗಡೆಯಲ್ಲಿ ಅವರು ಸಾಮಾನ್ಯವಾಗಿ ಹೊಸ ಆವೃತ್ತಿ ತರುವುದಿಲ್ಲ, ಪರಿಹಾರವನ್ನಷ್ಟೇ ಹಳೆಯದಕ್ಕೆ ಹೊಲಿಯುತ್ತಾರೆ. ಹಾಗಾಗಿ ಭದ್ರತೆಯ ಮಟ್ಟಿಗೆ 9.2 ಎನ್ನುವುದಕ್ಕಿಂತ ಆ 'ಯು3' ಮುಖ್ಯ.

ಚುಕ್ಕಿಯನ್ನು ದಶಮಾಂಶ ಎಂದುಕೊಳ್ಳಬೇಡಿ, 9.10 ದೊಡ್ಡದು, 9.9 ಚಿಕ್ಕದು. ಟಿಲ್ಡೆ (~) ಬಂದರೆ ಬೆಲೆ ಇಳಿಯುತ್ತದೆ: 2.0~ಆರ್‌ಸಿ1 (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಎಂಬುದು 2.0ಗಿಂತ ಹಿಂದಿನದು.

ಇನ್ನೊಂದು ಸ್ವಾರಸ್ಯ ನೋಡಿ. 2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್‌ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಡೆಬಿಯನ್‌ನ ಅಭಿವೃದ್ಧಿ ಶಾಖೆಯಲ್ಲಿ ಹಳೆಯದಕ್ಕೆ ಮರಳಬೇಕಿತ್ತು, ಆದರೆ ಸಂಖ್ಯೆ ಇಳಿದರೆ ಅದು ಅಪ್‌ಗ್ರೇಡ್ ಆಗಿ ಯಾರನ್ನೂ ತಲುಪುವುದಿಲ್ಲ. ಅದಕ್ಕೇ 5.6.1+ರಿಯಲಿ5.4.5-1 ಎಂದು ಹೆಸರಿಟ್ಟರು. ಒಳಗಿದ್ದದ್ದು 5.4.5!

ಮುಂದಿನ ಹೆಜ್ಜೆ, ಏನು ಬದಲಾಯಿತು ಎಂದು ಓದುವುದು. 'ಆಪ್ಟ್ ಚೇಂಜ್‌ಲಾಗ್' (apt changelog) ಎಂದು ಬರೆದು ಪ್ಯಾಕೇಜ್ ಹೆಸರು ಸೇರಿಸಿ. ಪ್ರತಿ ನಮೂದಿನ ತಲೆಯಲ್ಲಿ ಆವೃತ್ತಿ ಮತ್ತು ತುರ್ತಿನ ಮಟ್ಟ, ನಡುವೆ ಬದಲಾವಣೆಗಳು, ಕೊನೆಯ ಸಾಲಿನಲ್ಲಿ ಮಾಡಿದವರ ಹೆಸರು, ದಿನಾಂಕ. ಲೋಪದ ಸಿವಿಇ ಸಂಖ್ಯೆಯನ್ನು (ಪ್ರತಿ ಭದ್ರತಾ ಲೋಪಕ್ಕೂ ಕೊಡುವ ಸಾರ್ವಜನಿಕ ಗುರುತಿನ ಸಂಖ್ಯೆ) ಇಲ್ಲಿ ಹುಡುಕಿ. ಸಿಗದಿದ್ದರೆ ಡೆಬಿಯನ್‌ನ ಭದ್ರತಾ ಟ್ರ್ಯಾಕರ್‌ನಲ್ಲಿ ಅದೇ ಸಂಖ್ಯೆ ಕೊಟ್ಟು, ಯಾವ ಆವೃತ್ತಿಯಲ್ಲಿ ಸರಿಹೋಗಿದೆ ಎಂದು ತಾಳೆ ನೋಡಿ.

ನಿಮ್ಮ ಯಂತ್ರದಲ್ಲಿ ಆ ಪ್ಯಾಕೇಜ್ ಯಾವಾಗ ಬದಲಾಯಿತೆಂಬುದು /ವಾರ್/ಲಾಗ್/ಆಪ್ಟ್ (/var/log/apt) ಫೋಲ್ಡರ್‌ನ ಹಿಸ್ಟರಿ ಲಾಗ್‌ನಲ್ಲಿದೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ ಒಂದೇ ಆವರಣದೊಳಗೆ ಅಕ್ಕಪಕ್ಕ ಕೂತಿರುತ್ತವೆ.

ಸರ್ವರ್ ನೋಡಿಕೊಳ್ಳುವವರು 'ಆಪ್ಟ್-ಲಿಸ್ಟ್‌ಚೇಂಜಸ್' (apt-listchanges) ಎಂಬ ಪ್ಯಾಕೇಜ್ ಹಾಕಿಕೊಳ್ಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಸೆಟ್ಟಿಂಗ್‌ನಲ್ಲಿ ಸುದ್ದಿ, ಚೇಂಜ್‌ಲಾಗ್ ಎರಡನ್ನೂ ಆರಿಸಿದರೆ, ಅಪ್‌ಗ್ರೇಡ್ ನಡೆಯುವ ಮುನ್ನವೇ ಹೊಸ ನಮೂದುಗಳು ಕಣ್ಣೆದುರು ಬರುತ್ತವೆ.