ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ? ಆಮೇಲೆ ಬದಲಿಸಲಾಗದ್ದನ್ನು ಮೊದಲು ನೋಡಿ

ಮನೆಗೊಂದು ಕಂಪ್ಯೂಟರ್ ತರಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಬೆಲೆ ಎಷ್ಟು ಎಂಬ ಮೂರನ್ನೇ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕಾಗದದ ಮೇಲೆ ಎರಡೂ ಯಂತ್ರ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಬಳಸಿ ಆರು ತಿಂಗಳಾದ ಮೇಲೆ. ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಒಂದಿದೆ: ಈ ಭಾಗವನ್ನು ಮುಂದೆ ಬದಲಿಸಬಹುದೇ? ಬದಲಿಸಬಹುದಾದರೆ ಈಗ ಕಡಿಮೆಯದೇ ಸಾಕು. ಆಗದು ಎಂದಾದರೆ ಹಣವನ್ನು ಅಲ್ಲಿ ಹಾಕಿ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ಕೋಣೆಯಿಂದ ಕೋಣೆಗೆ, ಮನೆಯಿಂದ ಕಾಲೇಜಿಗೆ ಹೊತ್ತೊಯ್ಯಬೇಕಾದರೆ ಲ್ಯಾಪ್‌ಟಾಪೇ ಸರಿ, ಚರ್ಚೆ ಬೇಡ. ಮೇಜು ಬಿಟ್ಟು ಕದಲುವುದೇ ಇಲ್ಲ ಎಂದಾದರೆ ಡೆಸ್ಕ್‌ಟಾಪ್ ಪರವಾಗಿ ಗಟ್ಟಿ ಕಾರಣಗಳಿವೆ. ಮುಖ್ಯವಾದದ್ದು ಶಾಖ. ತೆಳು ಲ್ಯಾಪ್‌ಟಾಪಿನ ಪ್ರೊಸೆಸರ್ ಸುಮಾರು 15 ವಾಟ್‌ನ ಲೆಕ್ಕದಲ್ಲಿ ತಯಾರಾದದ್ದು. ದಪ್ಪ ಲ್ಯಾಪ್‌ಟಾಪಿನದು 45, ಸಾಮಾನ್ಯ ಡೆಸ್ಕ್‌ಟಾಪಿನದು 65. ಮೂರರ ಮೇಲೂ ‘ಕೋರ್ ಐ5’ ಎಂದೇ ಬರೆದಿರಬಹುದು. ಬ್ರೌಸರ್ ತೆರೆಯುವಾಗ ಮೂರೂ ಒಂದೇ ಚುರುಕು. ಉದ್ದದ ವಿಡಿಯೊವೊಂದನ್ನು ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಮಾತ್ರ ತೆಳು ಲ್ಯಾಪ್‌ಟಾಪ್ ಮೊದಲು ಜೋರಾಗಿ ಓಡಿ, ಬಿಸಿಯೇರಿದಂತೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಫ್ಯಾನ್ ಆ ವೇಗವನ್ನು ಕೊನೆಯವರೆಗೂ ಕಾಯ್ದುಕೊಳ್ಳುತ್ತದೆ.

ಬೆಲೆ ಹೋಲಿಸುವಾಗ ಬರೀ ಪೆಟ್ಟಿಗೆಗೆ ಪೆಟ್ಟಿಗೆ ಹೋಲಿಸಬೇಡಿ. ಡೆಸ್ಕ್‌ಟಾಪಿಗೆ ಮಾನಿಟರ್, ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್, ಸ್ಪೀಕರ್, ಯುಪಿಎಸ್ ಸೇರಿಸಿ. ಅಗ್ಗದ ಮದರ್‌ಬೋರ್ಡ್ ಎಷ್ಟೋ ಸಲ ವೈಫೈ ಇಲ್ಲದೇ ಬರುತ್ತದೆ; ಅದಕ್ಕೊಂದು ಅಡಾಪ್ಟರ್ ಬೇಕು. ಲ್ಯಾಪ್‌ಟಾಪನ್ನು ದಿನವಿಡೀ ಮೇಜಿನ ಮೇಲೆ ಬಳಸುವವರು ಸ್ಟ್ಯಾಂಡ್, ಬೇರೆ ಕೀಬೋರ್ಡ್, ಮೌಸ್ ಲೆಕ್ಕ ಹಾಕಲೇಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರದಿದ್ದರೆ ಕತ್ತು ಬಗ್ಗಿಯೇ ಇರುತ್ತದೆ, ನೋವು ಬಂದೇ ಬರುತ್ತದೆ.

ಇವೆರಡರ ನಡುವಿನ ಆಲ್-ಇನ್-ಒನ್, ಅಂದರೆ ಪರದೆಯ ಬೆನ್ನಿಗೇ ಕಂಪ್ಯೂಟರ್ ಅಡಗಿರುವ ಯಂತ್ರ, ನೋಡಲು ಚೆಂದ. ಆದರೆ ಪರದೆ ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗುತ್ತದೆ. ಜಾಗ ಕಡಿಮೆಯಿದ್ದರೆ ಮಿನಿ ಪಿಸಿ ಜೊತೆಗೊಂದು ಬೇರೆ ಮಾನಿಟರ್ ಇಟ್ಟುಕೊಳ್ಳುವುದು ಹೆಚ್ಚು ಜಾಣತನ.

ಪ್ರೊಸೆಸರ್ ಹೆಸರಿನ ಬಾಲ ಓದಿ

ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಿಸಲಾಗದು. ಹೆಸರಿನ ಕೊನೆಯ ಅಕ್ಷರ ‘ಯು’ ಆಗಿದ್ದರೆ ಕಡಿಮೆ ವಿದ್ಯುತ್ತಿನದು, ‘ಎಚ್’ ಆಗಿದ್ದರೆ ಭಾರದ ಕೆಲಸದ್ದು. ಡೆಸ್ಕ್‌ಟಾಪಿನ ಇಂಟೆಲ್ ಚಿಪ್‌ಗಳಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡದು. ಎಎಂಡಿಯ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೆಯ ಅಂಕಿ ಮುಖ್ಯ. ರೈಜೆನ್ 5 7520ಯು ಒಳಗಿರುವುದು ಹಳೆಯ ಝೆನ್ 2 ವಿನ್ಯಾಸ, 7530ಯು ಒಳಗೆ ಝೆನ್ 3, 7640ಯು ಒಳಗೆ ಝೆನ್ 4. ಮೊದಲ ಅಂಕಿ ನೋಡಿ ಮೂರೂ ಒಂದೇ ಹೊಸತು ಎಂದುಕೊಂಡರೆ ಮೋಸ ಹೋದಂತೆ.

ಹಳೆಯ ಯಂತ್ರ ಕೊಳ್ಳುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕ್ರಮಬದ್ಧವಾಗಿ ಕೂರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಕೋರ್ ಚಿಪ್‌ಗಳಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನದೇ ಆಗಬೇಕು.

ರ‍್ಯಾಮ್: ಎಷ್ಟು ಎಂಬುದಕ್ಕಿಂತ ಹೇಗೆ ಕೂತಿದೆ ಎಂಬುದು

ಇಂದಿಗೆ 16 ಜಿಬಿ ಇರಲಿ. 8 ಜಿಬಿಯಲ್ಲಿ ಬ್ರೌಸರ್ ಟ್ಯಾಬ್‌ಗಳು ಹದಿನೈದು ದಾಟುತ್ತಿದ್ದಂತೆ, ಜೊತೆಗೊಂದು ವಿಡಿಯೊ ಕಾಲ್ ಸೇರಿದರೆ ಯಂತ್ರ ತಡವರಿಸುತ್ತದೆ. ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮಿನಿಂದ ಪಾಲು ತೆಗೆದುಕೊಳ್ಳುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಒಳ್ಳೆಯದು. ಆಗ ದತ್ತಾಂಶ ಎರಡು ದಾರಿಯಲ್ಲಿ ಹರಿಯುತ್ತದೆ, ಒಳಗಿನ ಗ್ರಾಫಿಕ್ಸ್ ಎದ್ದುಕಾಣುವಂತೆ ಚುರುಕಾಗುತ್ತದೆ.

ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಗಡಿಯಲ್ಲಿ ಇಟ್ಟಿರುವ ಯಂತ್ರದಲ್ಲೇ ಇದನ್ನು ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿ ಒತ್ತಿ, ಕೆಳಗೆ ಬಲಗಡೆಯ ಸಣ್ಣ ಅಕ್ಷರಗಳನ್ನು ಓದಿ. ‘ಫಾರ್ಮ್ ಫ್ಯಾಕ್ಟರ್’ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸೆದದ್ದು. ‘ಎಸ್‌ಒ-ಡಿಮ್’ ಎಂದಿದ್ದರೆ ಬಿಚ್ಚಿ ಹಾಕುವ ಪಟ್ಟಿ. ‘ಸ್ಲಾಟ್ಸ್ ಯೂಸ್ಡ್’ ಎದುರು ‘1 ಆಫ್ 2’ ಇದ್ದರೆ ಇನ್ನೊಂದು ಪಟ್ಟಿಗೆ ಜಾಗವಿದೆ ಎಂದರ್ಥ. ಬೆಸೆದ ಯಂತ್ರವನ್ನು 8 ಜಿಬಿಯಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಡೆಸ್ಕ್‌ಟಾಪಿನಲ್ಲಿ ನಾಲ್ಕು ಸ್ಲಾಟ್ ಇದ್ದು ಎರಡೇ ಪಟ್ಟಿಯಿದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕುವುದು ವಾಡಿಕೆ. ಡಿಡಿಆರ್4 ತಲೆಮಾರಿನ ರ‍್ಯಾಮಿನ ಬೋರ್ಡಿಗೆ ಡಿಡಿಆರ್5 ಪಟ್ಟಿ ಕೂರದು, ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಒತ್ತಿ ತುರುಕಬೇಡಿ.

ಎಸ್‌ಎಸ್‌ಡಿ

ಫೈಲ್‌ಗಳನ್ನು ಉಳಿಸಿಡುವ ಈ ಸಂಗ್ರಹವನ್ನು ಬಹುಪಾಲು ಯಂತ್ರಗಳಲ್ಲಿ ಬದಲಿಸಬಹುದು, ಹಾಗಾಗಿ 512 ಜಿಬಿಯಿಂದ ಶುರುಮಾಡಿದರೆ ನಷ್ಟವಿಲ್ಲ. ವಿಂಡೋಸ್‌ನಲ್ಲಿ ಅದು 476 ಎಂದು ಕಂಡರೆ ಗಾಬರಿ ಬೇಡ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಳೆಯ ಜಾತಿಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ, ಹೊಸ ಜಾತಿಯ ಎನ್‌ವಿಎಂಇ ಅದರ ಹಲವು ಪಟ್ಟು ಓಡುತ್ತದೆ. ಎಂ.2 ಎಂಬುದು ಬರೀ ಆಕಾರದ ಹೆಸರು, ಅದರಲ್ಲಿ ಎರಡೂ ಜಾತಿ ಬರುತ್ತವೆ. ‘ಇಎಂಎಂಸಿ’ ಎಂದು ಬರೆದಿದ್ದರೆ ಅದು ಬೋರ್ಡಿಗೆ ಬೆಸೆದ ನಿಧಾನದ ಸಂಗ್ರಹ, ಬೇಡ.

ಪರದೆ ಮತ್ತು ಬ್ಯಾಟರಿ

ಲ್ಯಾಪ್‌ಟಾಪಿನಲ್ಲಿ ನಾವು ದಿನವೂ ನೋಡುವುದು ಪರದೆಯನ್ನೇ, ಅಗ್ಗದ ಮಾದರಿಗಳು ಖರ್ಚು ಉಳಿಸುವುದೂ ಇಲ್ಲೇ. ‘45% ಎನ್‌ಟಿಎಸ್‌ಸಿ, 250 ನಿಟ್ಸ್’ (ಮೊದಲನೆಯದು ಬಣ್ಣದ ವ್ಯಾಪ್ತಿ, ಎರಡನೆಯದು ಹೊಳಪು) ಎಂದು ಬರೆದಿದ್ದರೆ ಬಣ್ಣ ಸಪ್ಪೆ, ಕಿಟಕಿ ಪಕ್ಕ ಕೂತರೆ ಓದಲು ಕಷ್ಟ. ‘100% ಎಸ್‌ಆರ್‌ಜಿಬಿ, 300 ನಿಟ್ಸ್’ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ. ಟಿಎನ್ ಜಾತಿಯ ಪರದೆಯನ್ನು ಸ್ವಲ್ಪ ಓರೆಯಾಗಿಸಿದರೂ ಬಣ್ಣ ಕೆಡುತ್ತದೆ, ಐಪಿಎಸ್ ಜಾತಿಯದನ್ನು ಕೇಳಿ.

ಬೇರೆ ಮಾನಿಟರಾದರೆ 24 ಇಂಚಿಗೆ 1920×1080 ಸಾಕು. ಅದೇ ರೆಸಲ್ಯೂಶನ್ 27 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಅಕ್ಷರದ ಅಂಚು ಒರಟಾಗುತ್ತದೆ. 27ಕ್ಕೆ 2560×1440 ತೆಗೆದುಕೊಳ್ಳಿ.

ಬ್ಯಾಟರಿಗೆ ‘ಹತ್ತು ಗಂಟೆ’ ಎಂಬ ಮಾತಿಗಿಂತ ವಾಟ್-ಅವರ್ ಅಂಕಿ ನಂಬಿ. ಸಾದಾ ಕೆಲಸಕ್ಕೆ ಯಂತ್ರ 10 ವಾಟ್ ಎಳೆದರೆ 50 ವಾಟ್-ಅವರ್ ಬ್ಯಾಟರಿ ಐದು ಗಂಟೆ ಬಂದೀತು. ಸದಾ ಚಾರ್ಜರಿಗೆ ಸಿಕ್ಕಿಸಿಡುವವರು 80%ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿದ್ದರೆ ಹಾಕಿಡಿ, ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ.

ಸಿಕ್ಕಿಸುವ ಕಡೆ ಆಗುವ ತಪ್ಪುಗಳು

ಯುಎಸ್‌ಬಿ-ಸಿ ರಂಧ್ರಗಳೆಲ್ಲ ಒಂದೇ ಆಕಾರ, ಕಸುಬು ಬೇರೆ ಬೇರೆ. ಒಂದರಲ್ಲಿ ಮಾನಿಟರ್ ಚಿತ್ರ ಬರುತ್ತದೆ, ಚಾರ್ಜೂ ಆಗುತ್ತದೆ. ಇನ್ನೊಂದರಲ್ಲಿ ಬರೀ ಫೈಲ್ ಸಾಗಣೆ. ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’, ‘ಪವರ್ ಡೆಲಿವರಿ’ ಎಂಬ ಪದಗಳಿವೆಯೇ ನೋಡಿ. ಎಚ್‌ಡಿಎಂಐ ರಂಧ್ರ 1.4 ಆವೃತ್ತಿಯದಾದರೆ 4ಕೆ ಮಾನಿಟರ್ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಚಿತ್ರ) ಇಳಿಯುತ್ತದೆ, ಮೌಸ್ ಬಾಣ ತಡೆದು ತಡೆದು ಸರಿಯುತ್ತದೆ. 60 ಹರ್ಟ್ಸ್‌ಗೆ 2.0 ಬೇಕು.

ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸುವುದು ತೀರಾ ಸಾಮಾನ್ಯ ತಪ್ಪು. ಕೆಳಗೆ ಅಡ್ಡಲಾಗಿರುವ ಕಾರ್ಡಿನ ರಂಧ್ರಕ್ಕೇ ಹಾಕಬೇಕು. 144 ಹರ್ಟ್ಸ್ ಮಾನಿಟರ್ ತಂದವರು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ 60ರಲ್ಲೇ ಉಳಿದೀತು.

ವೈರ್‌ಲೆಸ್ ಮೌಸ್ ಎಡವುತ್ತಿದೆಯೇ? ಬ್ಯಾಟರಿಯನ್ನು ದೂರುವ ಮೊದಲು ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ರಂಧ್ರ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಹೊರಡಿಸುತ್ತದೆ, ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ರಿಸೀವರನ್ನು 2.0 ರಂಧ್ರಕ್ಕೆ ಬದಲಿಸಿ, ಇಲ್ಲವೇ ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಮೌಸ್ ಹತ್ತಿರಕ್ಕೆ ತನ್ನಿ.

ಪ್ರಿಂಟರ್ ವಿಷಯದಲ್ಲಿ ತಿಂಗಳಿಗೆ ಎಷ್ಟು ಪುಟ ಎಂಬುದೇ ತೀರ್ಮಾನ. ವಾರವಾರವೂ ಬಣ್ಣದಲ್ಲಿ ಮುದ್ರಿಸುವವರಿಗೆ ಇಂಕ್ ಟ್ಯಾಂಕ್. ಎರಡು ತಿಂಗಳಿಗೊಮ್ಮೆ ಹತ್ತು ಪುಟ ತೆಗೆಯುವವರಿಗೆ ಕಪ್ಪು-ಬಿಳುಪಿನ ಲೇಸರ್, ಯಾಕೆಂದರೆ ಟೋನರ್ ಪುಡಿ ಒಣಗುವುದಿಲ್ಲ. ಇಂಕ್ ಮಾತ್ರ ಮೂತಿಯಲ್ಲೇ ಗಟ್ಟಿಯಾಗಿ, ಶುಚಿಮಾಡಲು ಹೊರಟರೆ ಅರ್ಧ ಬಾಟಲಿ ಅದಕ್ಕೇ ಹೋದೀತು. ಯುಪಿಎಸ್ ಮೇಲಿನ ‘600 ವಿಎ’ ಎಂಬುದು 600 ವಾಟ್ ಅಲ್ಲ, ಹೆಚ್ಚಿನವುಗಳಲ್ಲಿ 360ರಷ್ಟು. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ, ಬಿಸಿಯಾಗುವ ಗಳಿಗೆಯಲ್ಲಿ ಅದು ಎಳೆಯುವ ವಿದ್ಯುತ್ ಯುಪಿಎಸ್ಸನ್ನೇ ಕೆಡವುತ್ತದೆ.

ತಂದ ದಿನವೇ

ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಪಿಕ್ಸೆಲ್ ಹುಡುಕಿ. ಎಲ್ಲ ರಂಧ್ರಗಳಿಗೂ ಒಂದೊಂದು ಪೆನ್‌ಡ್ರೈವ್ ಹಾಕಿ ನೋಡಿ, ಎಲ್ಲ ಕೀಲಿ ಒತ್ತಿ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮೂರನ್ನೂ ಬಿಲ್ಲಿನ ಜೊತೆ ತಾಳೆ ನೋಡಿ. ಬದಲಿಸಿಕೊಡುವ ಗಡುವು ಮುಗಿಯುವವರೆಗೆ ಪೆಟ್ಟಿಗೆಯನ್ನೂ ಒಳಗಿನ ಥರ್ಮಾಕೋಲನ್ನೂ ಎಸೆಯಬೇಡಿ.