ಮೀನಿನ ತೊಟ್ಟಿಯಲ್ಲಿ ಮಳೆಮೋಡ

1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್' ಸಿನಿಮಾದಲ್ಲಿ ಒಂದು ಒಂಟಿ ಮನೆಯ ಮೇಲೆ ಮೋಡ ಉಕ್ಕಿ ಬರುತ್ತದೆ, ಒಲೆ ಮೇಲಿನ ಹಾಲು ಉಕ್ಕಿದ ಹಾಗೆ. ಅದು ಆಕಾಶದ ಮೋಡ ಅಲ್ಲ, ಕಂಪ್ಯೂಟರಿನದ್ದೂ ಅಲ್ಲ. ಸಿನಿಮಾದ ವಿಶೇಷ ದೃಶ್ಯಗಳನ್ನು ಮಾಡಿದ ಡಗ್ಲಸ್ ಟ್ರಂಬುಲ್ ಅವರ ತಂಡ ದೊಡ್ಡ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ, ಅದರೊಳಗೆ ಬಿಳಿ ಬಣ್ಣ ಬಿಟ್ಟು ಚಿತ್ರೀಕರಿಸಿದ್ದು. ತಳದಲ್ಲಿ ಉಪ್ಪುನೀರು, ಮೇಲೆ ಸಿಹಿನೀರು. ಉಪ್ಪುನೀರು ಭಾರ, ಹಾಗಾಗಿ ಬಣ್ಣ ಅದರೊಳಗೆ ಇಳಿಯದೆ ಮೇಲೆಯೇ ಅಡ್ಡಡ್ಡ ಹರಡುತ್ತದೆ. ಮೋಡದ ತಳವೂ ಹಾಗೇ ಚಪ್ಪಟೆ ಅಲ್ವಾ?

ಇದನ್ನು ನಾನು ಮನೆಯಲ್ಲೇ ಮಾಡುತ್ತೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮೀನಿನ ತೊಟ್ಟಿ ಸಾಕು.

ಹಿಂದಿನ ರಾತ್ರಿಯೇ ಎರಡು ಬಕೆಟ್‌ಗಳಲ್ಲಿ ನೀರು ಹಿಡಿದಿಡಿ. ಆಗಷ್ಟೇ ನಲ್ಲಿಯಿಂದ ಹಿಡಿದ ನೀರಾದರೆ ಗಾಜಿಗೆಲ್ಲ ಸಣ್ಣ ಗುಳ್ಳೆ ಅಂಟಿಕೊಂಡು, ಮೋಡದ ಮಧ್ಯೆ ಚುಕ್ಕಿಗಳಾಗಿ ಕಾಣುತ್ತವೆ. ಒಂದು ಬಕೆಟ್‌ಗೆ ಲೀಟರಿಗೆ 60 ಗ್ರಾಂನಂತೆ ಉಪ್ಪು ಕರಗಿಸಿ. ಕಲ್ಲುಪ್ಪಾದರೆ ಕಸ ಇರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಬೆಳಿಗ್ಗೆ ಈ ನೀರನ್ನು ತೊಟ್ಟಿಯ ಅರ್ಧದವರೆಗೆ ತುಂಬಿ.

ಇನ್ನು ಸಿಹಿನೀರು. ಇಲ್ಲಿ ಅವಸರ ಮಾಡಲೇಬೇಡಿ. ಮೊದಲ ಸಲ ನಾನು ಮಗ್‌ನಲ್ಲಿ ಮೊಗೆದು ಸುಮ್ನೆ ಸುರಿದುಬಿಟ್ಟೆ. ಎರಡೂ ಬೆರೆತು ಹೋದವು. ಬಣ್ಣದ ಬದಲು ನಾನು ಬಳಸುವ ಹಾಲನ್ನು ಅದರೊಳಗೆ ಬಿಟ್ಟಾಗ ಮೋಡವೇ ಆಗಲಿಲ್ಲ, ತೊಟ್ಟಿ ತುಂಬಾ ಅಕ್ಕಿ ತೊಳೆದ ನೀರಿನ ಬಣ್ಣ. ಆಮೇಲೆ ಗೊತ್ತಾಯಿತು: ಉಪ್ಪುನೀರಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಬೇಕು. ಅದರ ಮೇಲೆ ಸಣ್ಣ ಪೈಪಿನಿಂದ ನೀರು ಬಿಡಬೇಕು, ಸಣ್ಣಗೆ, ನಿಧಾನವಾಗಿ. ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ತುಂಬಿದ ಮೇಲೆ ಹಾಳೆಯನ್ನು ಒಂದು ಮೂಲೆಯಿಂದ ಮೆಲ್ಲಗೆ ಎಳೆದುಕೊಳ್ಳಿ. ಪಕ್ಕದಿಂದ ಬಗ್ಗಿ ನೋಡಿದರೆ ಎರಡು ನೀರಿನ ನಡುವೆ ಗಾಜಿನ ಹಾಳೆ ಇಟ್ಟ ಹಾಗೆ ಒಂದು ಗೆರೆ ಹೊಳೆಯುತ್ತದೆ. ಆ ಗೆರೆ ಕಂಡರೆ ಕೆಲಸ ಗೆದ್ದ ಹಾಗೆ.

ಮೋಡಕ್ಕೆ ಒಂದು ಪಾಲು ಹಾಲಿಗೆ ಒಂದು ಪಾಲು ನೀರು ಬೆರೆಸಿ. ಬರೀ ಹಾಲಿಗಿಂತ ಇದೇ ಒಳ್ಳೆಯದು: ಸಿಹಿನೀರಿಗಿಂತ ಸ್ವಲ್ಪ ಭಾರ, ಉಪ್ಪುನೀರಿಗಿಂತ ಹಗುರ. ಸಿರಿಂಜಿನ ತುದಿಗೆ ಸಣ್ಣ ಕೊಳವೆ ಸಿಕ್ಕಿಸಿ, ಆ ಗೆರೆಗಿಂತ ಎರಡು ಬೆರಳು ಮೇಲೆ ಹಿಡಿದು ಒತ್ತಿ. ಹಾಲು ಮೊದಲು ಇಳಿಯುತ್ತದೆ, ಗೆರೆ ಮುಟ್ಟಿದ ತಕ್ಷಣ ತಡೆದು ನಿಲ್ಲುತ್ತದೆ, ಆಮೇಲೆ ಹೂಕೋಸಿನ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಹಿಂದೆ ಕಪ್ಪು ಬಟ್ಟೆ ಕಟ್ಟಿ, ಬೆಳಕನ್ನು ಮೇಲಿನಿಂದ ಒಂದು ಪಕ್ಕಕ್ಕೆ ಮಾತ್ರ ಬೀಳಿಸಿ. ಮಿಂಚು ಬೇಕಿದ್ದರೆ ಮೋಡದ ಹಿಂದೆ ಟಾರ್ಚ್ ಹಿಡಿದು ಥಟ್ಟನೆ ಹಚ್ಚಿ ಆರಿಸಿ. ಮೊಬೈಲ್‌ನಲ್ಲಿ ಸೆಕೆಂಡಿಗೆ 120 ಅಥವಾ 240 ಫ್ರೇಮಿನ ಸ್ಲೋ ಮೋಷನ್ ಇಟ್ಟುಕೊಳ್ಳಿ. ಸಣ್ಣದು ದೊಡ್ಡದಾಗಿ ಕಾಣಬೇಕಾದರೆ ನಿಧಾನವಾಗಿ ಚಲಿಸಬೇಕು. ಸಿನಿಮಾದಲ್ಲಿ ಬಳಸುವ ಪುಟ್ಟ ಮಾದರಿಗಳಿಗೆ ಹಳೆಯ ಲೆಕ್ಕವೊಂದಿದೆ: 16 ಪಟ್ಟು ಚಿಕ್ಕದಾದರೆ 4 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 24ರ ಬದಲು 96 ಫ್ರೇಮಿನಲ್ಲಿ ತೆಗೆದು, 24ರಲ್ಲೇ ತೋರಿಸುವುದು.

ಒಂದು ತೊಟ್ಟಿಗೆ ಮೂರ್ನಾಲ್ಕು ಟೇಕ್ ಸಿಗುತ್ತದೆ, ಆಮೇಲೆ ನೀರು ಮಸುಕಾಗುತ್ತದೆ. ಖಾಲಿ ಮಾಡುವಾಗ ಆ ನೀರನ್ನು ಗಿಡದ ಬುಡಕ್ಕೆ ಮಾತ್ರ ಸುರಿಯಬೇಡಿ, ಉಪ್ಪಿಗೆ ಬೇರು ಸುಟ್ಟುಹೋಗುತ್ತದೆ.